ಕೈ ಖಾಲಿ ಇದ್ದವಳ ಸರದಿ

ನನ್ನ ಕಾಯಿಲೆ ಮೊದಲು ಗೊತ್ತಾಗಿದ್ದು ನನ್ನ ಬ್ಲೌಸಿಗೆ. ಆಮೇಲೆ ಸುವರ್ಣಕ್ಕನಿಗೆ. ಎಲ್ಲರಿಗಿಂತ ಕೊನೆಗೆ ನನಗೆ.

ಹರಿಹರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಈ ಊರಿನ ಹೆಂಗಸರ ಬ್ಲೌಸ್ ಹೊಲಿಯುತ್ತಿದ್ದೇನೆ. ಯಾರ ಹೆಗಲು ಇಳಿಜಾರು, ಯಾರ ತೋಳು ಯಾವ ಹಬ್ಬದಿಂದೀಚೆಗೆ ದಪ್ಪವಾಗಿದೆ, ಎಲ್ಲ ನನಗೆ ಬಾಯಿಪಾಠ. ಅಂಥವಳಿಗೆ ತನ್ನದೇ ಬ್ಲೌಸಿನ ಕುತ್ತಿಗೆ ಬಿಗಿಯಾದಾಗ ಏನನ್ನಿಸಬೇಕಿತ್ತು? ಕತ್ತರಿಸುವಾಗ ತಪ್ಪಿದ್ದೇನೆ ಅನ್ನಿಸಿತು. ಬಿಚ್ಚಿ ಅಗಲ ಮಾಡಿಕೊಂಡೆ. ಸ್ವಲ್ಪ ದಿನ ಬಿಟ್ಟು ಮತ್ತೆ ಬಿಗಿ. ಈ ಸಲ ಬಟ್ಟೆಗೆ ಬೈದೆ, ನೀರಿಗೆ ಹಾಕಿದರೆ ಕುಗ್ಗುವ ದರಿದ್ರ ಬಟ್ಟೆ ಅಂತ. ಕುತ್ತಿಗೆ ಹಿಡಿದಂತಾದರೆ ಬೇರೆಯವರು ಡಾಕ್ಟರ ಹತ್ತಿರ ಹೋಗುತ್ತಾರೆ, ನಾನು ಕತ್ತರಿಯ ಹತ್ತಿರ ಹೋದೆ. ಮತ್ತೊಂದು ಸಲ ಬಿಚ್ಚಿ ಇನ್ನಷ್ಟು ಅಗಲ ಮಾಡಿ ಹಾಕಿಕೊಂಡು ಓಡಾಡಿದೆ.

ನನ್ನ ಅಂಗಡಿಯಲ್ಲಿ ಗುರುವಾರ ಮಧ್ಯಾಹ್ನ ಒಂದು ಕೂಟ ನಡೆಯುತ್ತದೆ. ಊಟ ಮುಗಿಸಿಕೊಂಡು ಐದಾರು ಹೆಂಗಸರು ಬರುತ್ತಾರೆ. ಚಾಪೆ ಮೇಲೆ ಕೂತರೆ ಎಲ್ಲರ ಕೈಗೂ ಒಂದೊಂದು ಕೆಲಸ. ಯಾರೋ ಬ್ಲೌಸಿಗೆ ಹುಕ್ಸ್ ಹಾಕುತ್ತಾರೆ, ಯಾರೋ ಸೀರೆಗೆ ಫಾಲ್ ಹಚ್ಚುತ್ತಾರೆ, ನಾಗವೇಣಿ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಒಬ್ಬಳ ಕೈ ಮಾತ್ರ ಖಾಲಿ. ಅವಳು ತಾನು ಓದಿದ ಪುಸ್ತಕವನ್ನು ಬಾಯಲ್ಲಿ ಹೇಳಬೇಕು. ಪುಸ್ತಕ ಮುಂದಿಟ್ಟುಕೊಂಡು ಓದುವ ಹಾಗಿಲ್ಲ. ಕೈ ಖಾಲಿ ಇದ್ದವಳು ಹೇಳಬೇಕು, ಕೆಲಸ ಹಿಡಿದವರು ಕೇಳಬೇಕು, ನಡುವೆ ಜಗಳ ಆಡಬಹುದು. ಒಬ್ಬಳು ಶುರು ಮಾಡಿದ ಪುಸ್ತಕವನ್ನು ಎಷ್ಟು ವಾರವಾದರೂ ಅವಳೇ ಮುಗಿಸಬೇಕು, ಅಲ್ಲಿಯವರೆಗೆ ಬೇರೆ ಯಾರೂ ಅದನ್ನು ಓದುವಂತಿಲ್ಲ. ಈ ಕಾನೂನೆಲ್ಲ ಸುವರ್ಣಕ್ಕನದು. ಪ್ರೈಮರಿ ಶಾಲೆಯ ಟೀಚರಾಗಿದ್ದು ನಿವೃತ್ತಿಯಾದವರು. ಕಾನೂನು ಮಾಡುವ ಅವರ ಚಟ ಮಾತ್ರ ಇನ್ನೂ ಸರ್ವೀಸಿನಲ್ಲೇ ಇದೆ.

ಆ ಗುರುವಾರ ನನ್ನ ಕೈ ಖಾಲಿ ಇತ್ತು. ನಾನು ಹೇಳುತ್ತಿದ್ದದ್ದು ರೈಲ್ವೆ ಗೇಟ್ ಕಾಯುವವನ ಹೆಂಡತಿಯ ಕಾದಂಬರಿ. ಪಾರ್ವತಿ ಅಂತ ಅವಳ ಹೆಸರು. ಗಂಡ ಹಾಸಿಗೆ ಹಿಡಿದ ಮೇಲೆ ಅವನ ಬದಲು ತಾನೇ ಗೇಟು ಹಾಕಿ ತೆಗೆದು ಮಾಡುತ್ತಾಳೆ. ಗಂಡ ಸಾಯುತ್ತಾನೆ. ಕೊನೆಗೆ ಅಲ್ಲಿ ಮೇಲ್ಸೇತುವೆ ಬಂದು ಗೇಟೇ ಬೇಡವಾಗುತ್ತದೆ. ಜೀವಮಾನವೆಲ್ಲ ರೈಲು ನೋಡಿದವಳು, ಒಮ್ಮೆಯೂ ರೈಲು ಹತ್ತಿದವಳಲ್ಲ. ಮನೆಗೆ ಬೀಗ ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಹಳಿಯ ಪಕ್ಕ ನಿಂತಳು ಎನ್ನುವಲ್ಲಿಗೆ ಬಂದಿದ್ದೆ. ಒಂದೇ ಅಧ್ಯಾಯ ಬಾಕಿ. ನಾನೂ ಬೇಕಂತಲೇ ಅಲ್ಲಿ ಎಳೆಯುತ್ತಿದ್ದೆ.

ಸುವರ್ಣಕ್ಕ ಹುಕ್ಸ್ ಹಾಕುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಗಿರಿಜಾ, ಒಮ್ಮೆ ನುಂಗು."

"ಏನ್ ನುಂಗ್ಲಿ ಸುವರ್ಣಕ್ಕ?"

"ಉಗುಳು ನುಂಗೇ."

ನುಂಗಿದೆ.

"ಬ್ಲೌಸ್ ತಪ್ಪಲ್ಲ ತಾಯಿ. ಕುತ್ತಿಗೆಯಾಗೆ ಏನೋ ಮೇಲೆ ಕೆಳಗೆ ಓಡಾಡ್ತೈತೆ. ನಾಳೆನೇ ದಾವಣಗೆರೆಗೆ ಹೋಗಿ ತೋರ್ಸು."

"ಕಥಿ ಮುಗಿಸಿ ಹೋಗ್ಲಿ ತಗೀರಿ," ಅಂದಳು ನಾಗವೇಣಿ. ಆನಗೋಡಿನ ಹುಡುಗಿ, ನಮ್ಮ ಓಣಿಗೆ ಸೊಸೆಯಾಗಿ ಬಂದವಳು, ಕಥೆಯ ವಿಷಯದಲ್ಲಿ ಕರುಣೆ ಇಲ್ಲದವಳು. ಆದರೆ ನಾನು ಆಗಲೇ ಎದ್ದು ಕನ್ನಡಿಯ ಮುಂದೆ ಹೋಗಿದ್ದೆ. ಆ ದಿನ ಪಾರ್ವತಿ ಹಳಿಯ ಪಕ್ಕದಲ್ಲೇ ನಿಂತಳು.

ದಾವಣಗೆರೆಯ ಕೆ.ಬಿ. ಬಡಾವಣೆ ಕಡೆಯ ಒಂದು ಆಸ್ಪತ್ರೆಗೆ ಹೋದೆವು. ನನ್ನ ಗಂಡ ರುದ್ರೇಶ್ ಕರೂರು ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ರಜೆ ಹಾಕಿ ಬಂದಿದ್ದರು. ಮಾತು ಕಡಿಮೆ. ನಮ್ಮ ಮನೆಯ ಮಾತಿನ ಪಾಲನ್ನೆಲ್ಲ ನಾನೇ ತೆಗೆದುಕೊಂಡಿದ್ದರಿಂದ ಅವರಿಗೆ ಉಳಿದದ್ದೇ ಇಷ್ಟು. ಗಂಟಲಿಗೆ ಸೂಜಿ ಹಾಕಿ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವ ದಿನ ಬೆಂಚಿನ ಮೇಲೆ ಕೂತೆವು. ಆ ಬೆಂಚು ಯಾರೂ ಯಾರ ಮುಖವನ್ನೂ ನೋಡದ ಬೆಂಚು. ಎಲ್ಲರ ಮಡಿಲಲ್ಲೂ ಸ್ಕ್ಯಾನಿಂಗಿನ ದೊಡ್ಡ ಕವರು. ಗೋಡೆಯ ಮೇಲಿನ ಟಿವಿಗೆ ದನಿ ಇರಲಿಲ್ಲ.

ಕೈಗೆ ಏನಾದರೂ ಬೇಕಿತ್ತು. ಅದಕ್ಕೆ ಬ್ಯಾಗಿನಿಂದ ಕಾದಂಬರಿ ತೆಗೆದೆ. ಓದಲು ಆಗಲಿಲ್ಲ, ಸುಮ್ಮನೆ ಹಿಡಿದುಕೊಂಡೆ. ಪಕ್ಕದ ಅಜ್ಜಿ ಬಗ್ಗಿ ನೋಡಿತು.

"ಏನೈತವ್ವ ಅದ್ರಾಗೆ?"

"ರೈಲ್ವೆ ಗೇಟ್ ಕಾಯೋಳ ಕಥಿ ಅಜ್ಜಿ."

"ಹೌದಾ? ಹೇಳು ಮತ್ತೆ. ಡಾಕ್ಟ್ರು ಇನ್ನೂ ಬಂದಿಲ್ಲ."

ಹೇಳಿದೆ. ಮೊದಲು ಮೆಲ್ಲಗೆ, ಆಮೇಲೆ ನನ್ನ ಮಾಮೂಲಿ ಗಂಟಲಿನಲ್ಲಿ. ಗಂಡ ಸತ್ತ ರಾತ್ರಿಯೂ ಪಾರ್ವತಿ ಎದ್ದು ಹೋಗಿ ಗೇಟು ಹಾಕಿದಳು ಅನ್ನುವಾಗ ಅಜ್ಜಿ "ಅಯ್ಯೋ ಶಿವನೇ" ಅಂತು. ಎದುರಿನ ಬೆಂಚಿನ ಗಂಡಸೊಬ್ಬರು ಮೊಬೈಲ್ ಕೆಳಗಿಟ್ಟು "ಡ್ಯೂಟಿ ಅಂದ್ರೆ ಡ್ಯೂಟಿ ಅಲ್ರಿ ಮತ್ತೆ" ಅಂದರು. ಇನ್ನೊಬ್ಬಾಕೆ, "ಡ್ಯೂಟಿ ಅವನದು, ಇವಳಿಗ್ಯಾಕ್ರಿ?" ಅಂತ ಜಗಳಕ್ಕೇ ನಿಂತರು. ನರ್ಸ್ ನನ್ನ ಹೆಸರು ಕೂಗಿದಾಗ ನನಗೆ ಸಿಟ್ಟು ಬಂತು. ಎದ್ದು ನಿಂತ ಮೇಲೆ ನೆನಪಾಯಿತು, ಕರೆದದ್ದು ಯಾವುದಕ್ಕೆ ಅಂತ. ಅಷ್ಟು ಹೊತ್ತು ನಾನು ಅದನ್ನು ಮರೆತೇಬಿಟ್ಟಿದ್ದೆ.

ಡಾಕ್ಟರು ವಯಸ್ಸಾದವರು, ನಿಧಾನವಾಗಿ ಮಾತಾಡುವವರು. "ಕ್ಯಾನ್ಸರ್ ಅಂದಕೂಡ್ಲೆ ಗಾಬರಿ ಆಗಬ್ಯಾಡ್ರಿ. ಥೈರಾಯ್ಡ್‌ದು ಇದು, ಸಣ್ಣದೈತೆ. ಆಪರೇಷನ್ ಮಾಡಿ ತೆಗೆದುಬಿಡೋಣ. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬೇಕು. ದನಿಯ ನರ ಅದ್ರ ಪಕ್ಕದಾಗೇ ಹೋಗ್ತದೆ. ಹುಷಾರಾಗಿ ಮಾಡ್ತೀವಿ. ಆದ್ರೂ ಕೆಲವರಿಗೆ ದನಿ ಬದಲಾಗ್ತದೆ. ಬಹಳಷ್ಟು ಸಲ ವಾಪಸ್ ಬರ್ತದೆ. ಗ್ಯಾರಂಟಿ ಕೊಡಾಕೆ ಬರಂಗಿಲ್ಲ."

"ಜೀವಕ್ಕೇನೂ ಇಲ್ಲ ಅಲ್ರಿ ಸಾರ್?" ಅಂದರು ನಮ್ಮವರು.

"ಈಗ ಕಾಣೋ ಮಟ್ಟಿಗೆ, ಇಲ್ಲ."

ಅವರ ಮುಖಕ್ಕೆ ರಕ್ತ ಬಂತು. ನನ್ನದು ಹೋಯಿತು. ಹರಿಹರದ ಬಸ್ಸಿನಲ್ಲಿ ಕೂತ ಮೇಲೆ ಸಮಾಧಾನ ಮಾಡಲು ಹೋಗಿ, "ಜೀವ ಉಳೀತೈತೆ ಅಂದ್ರಲ್ಲ. ದನಿ ಹೋದ್ರೆ ಹೋಗ್ಲಿ ಬಿಡು," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಅದು ನನಗೀಗ ಗೊತ್ತು. ಆಗ ಮಾತ್ರ ಕಿಟಕಿ ಕಡೆ ತಿರುಗಿ ಕೂತು ಊರು ಬರುವವರೆಗೆ ಅಳುತ್ತಿದ್ದೆ. ನನ್ನ ಬಳಿ ಇರುವುದೇ ಎರಡು, ಕೈ ಮತ್ತು ಬಾಯಿ. ಕೈ ನನ್ನ ಹೊಟ್ಟೆ ಹೊರೆಯುತ್ತದೆ. ಆದರೆ ನಾನು ಗಿರಿಜಾ ಅನ್ನುವುದು ನನಗೇ ಗೊತ್ತಾಗುವುದು ಬಾಯಿಂದ. ಗುರುವಾರ ಮಧ್ಯಾಹ್ನ ನಾನು ಹೇಳುವಾಗ ಸೂಜಿ ಹಿಡಿದ ಕೈಗಳು ಒಂದೊಂದಾಗಿ ನಿಲ್ಲುತ್ತವಲ್ಲ, ಆ ಸುಖ ಹೋದರೆ ಉಳಿಯುವುದೇನು ಎಂದು ಯಾರಿಗೆ ಹೇಳಲಿ? ಜೀವ ಉಳಿದವಳು ಹೀಗೆ ಅಳಬಾರದು ಅನ್ನುತ್ತಾರೆ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಸೇರಿಕೊಂಡೆ. ಸಂಜೆ ಸುವರ್ಣಕ್ಕ ನೋಡಲು ಬಂದರು, ಕೈಯಲ್ಲಿ ಎಳನೀರು. ನಾನು ಅವರ ಕೈ ಹಿಡಿದೆ.

"ಸುವರ್ಣಕ್ಕ, ಕೂಡ್ರಿ. ಪಾರ್ವತಿ ಕಥಿ ಕೊನೇದು ಹೇಳಿಬಿಡ್ತೀನಿ. ನಾಳೆ ಏನಾಗ್ತೈತೋ ಏನೋ. ನೀವು ಅವರಿಗೆಲ್ಲ ಹೇಳ್ರಿ."

ಅವರು ಕೈ ಬಿಡಿಸಿಕೊಂಡರು. "ನಾ ಒಲ್ಲೆ."

"ಯಾಕ್ರಿ?"

"ಶುರು ಮಾಡ್ದೋರೇ ಮುಗಿಸ್ಬೇಕು. ಚಾಪೆ ಮ್ಯಾಲೆ ಕುಂತು ಹೇಳ್ಬೇಕು. ಆಸ್ಪತ್ರಿ ಮಂಚದ ಮ್ಯಾಲೆ ಕುಂತು ಹೇಳಿದ್ದು ಲೆಕ್ಕಕ್ಕಿಲ್ಲ."

"ದನಿ ಹೋದ್ರೆ?"

"ಹೋದ್ರೆ ಬರೋತನ ಕಾಯ್ತೀವಿ. ನಮಗೇನ್ ಅವಸರ?"

ಎಂಥ ಕಲ್ಲೆದೆಯ ಹೆಂಗಸು ಅಂದುಕೊಂಡೆ. ಅವರು ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದನ್ನು ನನ್ನ ಮಗಳು ಚೈತ್ರಾ ನೋಡಿದ್ದಳಂತೆ. ಅದನ್ನು ಅವಳು ನನಗೆ ಹೇಳಿದ್ದು ಬಹಳ ದಿನಗಳಾದ ಮೇಲೆ.

ಎಚ್ಚರವಾದಾಗ ನಮ್ಮವರು ಹಾಸಿಗೆಯ ಪಕ್ಕ ನಿಂತಿದ್ದರು. "ನೀರು" ಅಂದೆ. ಅಂದೆ ಅಂದುಕೊಂಡೆ. ಗಾಳಿ ಬಂತು, ಮಾತು ಬರಲಿಲ್ಲ. ಮತ್ತೊಮ್ಮೆ ಅಂದೆ. ಸೈಕಲ್ ಟೈರಿನಿಂದ ಗಾಳಿ ಹೋದ ಹಾಗೆ ಒಂದು ಸದ್ದು. ಅವರು ನನ್ನ ತುಟಿಯ ಹತ್ತಿರ ಕಿವಿ ತಂದರು. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಮಾತು ಕೇಳಲು ಅವರು ಬಗ್ಗಿದ್ದು ಅದೇ ಮೊದಲು. ಆ ಗಳಿಗೆಯಲ್ಲೂ ನನಗೆ ಅದನ್ನು ಹೇಳಿ ರೇಗಿಸಬೇಕು ಅನ್ನಿಸಿತು, ಆಗಲಿಲ್ಲ.

ಡಾಕ್ಟರು ಹೇಳಿದರು: ಗಡ್ಡೆ ಪೂರ್ತಿ ಹೊರಗೆ ಬಂದಿದೆ. ನರಕ್ಕೆ ಪೆಟ್ಟಾಗಿದೆ, ಆದರೆ ತುಂಡಾಗಿಲ್ಲ. ತಿಂಗಳುಗಳು ಹಿಡಿಯಬಹುದು. ಕೆಲವು ದಿನ ಬೆರಳು ಜುಮ್ಮೆನ್ನುತ್ತಿದ್ದವು, ಮಾತ್ರೆಗೆ ಅದು ನಿಂತಿತು. ತೆಗೆದ ಗಡ್ಡೆಯ ರಿಪೋರ್ಟೂ ಬಂತು, ಎಲ್ಲೂ ಹರಡಿಲ್ಲ, ಮುಂದೆ ಬೇರೆ ಚಿಕಿತ್ಸೆ ಬೇಡ, ದಿನಾ ಬೆಳಿಗ್ಗೆ ಒಂದು ಮಾತ್ರೆ ಸಾಕು. ಆಸ್ಪತ್ರೆಯ ಗೇಟಿನ ಹೊರಗೆ ಬಂದು ನಮ್ಮವರು ಪಾನ್ ಅಂಗಡಿಯ ಪಕ್ಕ ನಿಂತು ಎಳೆ ಮಗುವಿನ ಹಾಗೆ ಅತ್ತರು. ನಾನು ಅವರ ಬೆನ್ನು ಸವರಿದೆ. ಸಮಾಧಾನದ ಮಾತು ಹೇಳಲು ನನಗೆ ದನಿ ಇರಲಿಲ್ಲ, ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಮನೆಗೆ ಬಂದ ಮೇಲೆ ನಗುವಂಥದ್ದೂ ನಡೆಯಿತು. ಭಾನುವಾರ ಗಿರಾಕಿಗಳು ಬಂದರೆ ನನ್ನ ಬಾಯಿ ನಮ್ಮವರೇ. ನಾನು ಕೈಸನ್ನೆ ಮಾಡಬೇಕು, ಅವರು ಕೇಳಬೇಕು. ಒಬ್ಬ ಕಾಲೇಜು ಹುಡುಗಿ ಬಂದಳು. ನಾನು ನನ್ನ ಬೆನ್ನಿನ ಮೇಲೆ ಕೈ ಇಟ್ಟು ಹಿಂದಿನ ಕುತ್ತಿಗೆ ಎಷ್ಟು ಇಳಿಸಬೇಕು ಎಂದು ಸನ್ನೆ ಮಾಡಿದೆ. ಅವರು ಗಂಟಲು ಸರಿ ಮಾಡಿಕೊಂಡು, "ಅಮ್ಮಾವ್ರಿಗೆ ಬೆನ್ನು ನೋಯ್ತೈತಂತೆ, ನಾಳೆ ಬರ್ಬೇಕಂತೆ," ಅಂದರು. ಹುಡುಗಿ ಪಾಪ ಹೊರಟೇಹೋದಳು. ನಾನು ನಕ್ಕರೆ ಅದಕ್ಕೂ ಸದ್ದಿಲ್ಲ.

ದನಿಯ ವ್ಯಾಯಾಮ ಕಲಿಸಲು ದಾವಣಗೆರೆಯಲ್ಲಿ ಒಬ್ಬ ಹುಡುಗಿ ಇದ್ದಳು, ಚೈತ್ರಾಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬೇಕು. "ಪಿಸುಗುಟ್ಟಬೇಡ್ರಿ ಆಂಟಿ, ಅದು ಗಂಟಲಿಗೆ ಇನ್ನೂ ಭಾರ. ಒತ್ತಾಯನೂ ಮಾಡಬೇಡ್ರಿ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಿಮಗೆ ನೀವೇ ಒಳ್ಳೆ ಮಾತು ಹೇಳ್ಕೊಳ್ರಿ. ನಾನು ಗಟ್ಟಿ ಇದ್ದೀನಿ. ನನ್ನ ದನಿ ದಿನಾ ಸುಧಾರಿಸ್ತಾ ಇದೆ. ನಾನು ನನ್ನನ್ನ ಪ್ರೀತಿಸ್ತೀನಿ. ಹಿಂಗೆ."

ನಾನು ಅವಳ ಮುಖ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

ಮರುದಿನ ಬೀರುವಿನ ಕನ್ನಡಿಯ ಮುಂದೆ ನಿಂತೆ. ಕುತ್ತಿಗೆಗೆ ಅಡ್ಡ ಹೊಲಿಗೆಯ ಗೆರೆ. (ಯಾರು ಹಾಕಿದರೋ, ಕೈ ಚೆನ್ನಾಗಿದೆ, ಅದನ್ನು ಮಾತ್ರ ಒಪ್ಪಬೇಕು.) "ನಾನು ನನ್ನನ್ನ ಪ್ರೀತಿಸ್ತೀನಿ" ಅಂದೆ. ಗಾಳಿ ಬಂತು. ಸೋಪಿನ ಜಾಹೀರಾತಿನವಳ ಹಾಗೆ ನಿಂತಿದ್ದೇನೆ ಅನ್ನಿಸಿ ಮೈ ಉರಿಯಿತು. ಪಕ್ಕದಲ್ಲಿ ಚೈತ್ರಾ, ಬಿ.ಎಡ್ ಓದುತ್ತಿರುವ ಹುಡುಗಿ, ಪಾಠ ಒಪ್ಪಿಸಿಕೊಳ್ಳುವ ಠೀವಿಯಲ್ಲಿ ನಿಂತಿದ್ದಳು. "ಅಮ್ಮಾ, ನಂಬಿಕೆ ಇಟ್ಟು ಹೇಳು." ನಂಬಿಕೆ ಅಂಗಡಿಯಲ್ಲಿ ಸಿಗುತ್ತದೆಯೇನೆ ಎಂದು ಕೇಳಬೇಕಿತ್ತು. ದನಿ ಇಲ್ಲದ ಕಾರಣ ಬಚಾವಾದಳು.

ಕೆಲವು ದಿನ ಹೀಗೇ ಸುಳ್ಳು ಹೇಳಿಕೊಂಡೆ. ಸುಧಾರಿಸುತ್ತಿದೆ ಅನ್ನುವುದು, ಗಾಳಿ ಊದುವುದು, ಅಳುವುದು. ಒಂದು ಬೆಳಿಗ್ಗೆ ಬಾಚಣಿಕೆ ಹಿಡಿದು ನಿಂತಾಗ ನನಗೇ ಗೊತ್ತಿಲ್ಲದೆ ಬೇರೆ ಮಾತು ಬಾಯಿಗೆ ಬಂತು. ಬ್ಲೌಸ್ ಹಿಡಿಯುತ್ತಿದೆ ಎಂದು ಗಾಬರಿಯಾಗಿ ಬರುವ ಹೆಂಗಸರಿಗೆ ನಾನು ದಿನಾ ಹೇಳುವ ಮಾತದು: "ಬರ್ರಿ, ಕೂಡ್ರಿ. ಗಾಬರಿ ಆಗಬ್ಯಾಡ್ರಿ. ಒಳಗೆ ಬಟ್ಟೆ ಬಿಟ್ಟೀನಿ. ಬಿಚ್ಚಿದ್ರೆ ಸರಿಯಾಗ್ತೈತೆ." ಅದು ಸುಳ್ಳಲ್ಲ. ಮುಂದೆ ಬಿಚ್ಚಿ ಅಗಲ ಮಾಡಲು ಯಾರ ಬ್ಲೌಸಿಗೂ ನಾನು ಒಳಗೆ ಬಟ್ಟೆ ಬಿಡದೆ ಹೊಲಿದವಳಲ್ಲ. ಆ ಮಾತು ಕೇಳಿ ಎಷ್ಟೋ ಹೆಂಗಸರ ಮುಖ ಸಡಿಲವಾಗುವುದನ್ನು ನೋಡಿದ್ದೇನೆ. ಕನ್ನಡಿಯೊಳಗಿನ ಗಿರಿಜಾಗೂ ಅದನ್ನೇ ಹೇಳಿದೆ. ಒಳಗೆ ಬಟ್ಟೆ ಐತೆ. ಅವಳ ಮುಖವೂ ಸ್ವಲ್ಪ ಸಡಿಲವಾಯಿತು.

ಅಂದಿನಿಂದ ಅದೇ ನನ್ನ ಬೆಳಗಿನ ಮಾತು. ಜೊತೆಗೆ ಆ ದಿನ ನಿಜವಾದ ಒಂದೊಂದು ಸಣ್ಣ ಸಂಗತಿ. ನಿನ್ನೆ ಮಂಡಕ್ಕಿ ತಿಂದರೂ ಗಂಟಲು ಹಿಡಿಯಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಬಂತು. ದನಿಯ ಹುಡುಗಿಗೆ ಇದನ್ನು ಬರೆದು ತೋರಿಸಿದಾಗ, "ಇದೇ ಆಂಟಿ, ನಾನು ಹೇಳಿದ್ದೂ ಇದನ್ನೇ," ಅಂತ ಚಪ್ಪಾಳೆ ತಟ್ಟಿದಳು. ಅವಳು ಹೇಳಿದ್ದು ಇದಲ್ಲ. ಆದರೂ ಒಳ್ಳೆಯ ಹುಡುಗಿ.

ಗುರುವಾರದ ಕೂಟ ನಿಲ್ಲಲಿಲ್ಲ. ನಾನು ಮನೆಗೆ ಬಂದ ಮೊದಲ ಗುರುವಾರ ಎಲ್ಲರೂ ಬಂದರು. ಕೈ ಖಾಲಿ ಕೂತರೆ ಹೇಳಬೇಕಲ್ಲ, ಏನು ಮಾಡಲಿ? ಸುವರ್ಣಕ್ಕ ಒಳಗೆ ಬಂದವರೇ, ನಮಸ್ಕಾರವಿಲ್ಲ, ಹೆಂಗಿದ್ದೀ ಅನ್ನಲಿಲ್ಲ, ನನ್ನ ಮಡಿಲಿಗೆ ಒಂದು ಬ್ಲೌಸ್ ಹಾಕಿದರು. "ಇದಕ್ಕೆ ಹುಕ್ಸ್ ಹಾಕು." ಅಷ್ಟೇ. ನನ್ನ ಕೈ ತುಂಬಿತು, ಬಾಯಿ ಬಚಾವಾಯಿತು. ಅದು ಮುಗಿಯುತ್ತಿದ್ದಂತೆ ನಾಗವೇಣಿ ಇನ್ನೊಂದು ಹಾಕಿದಳು. ಪ್ರತಿ ಗುರುವಾರವೂ ಹೀಗೇ. ನನ್ನ ಕೈ ಒಂದು ಗಳಿಗೆಯೂ ಖಾಲಿಯಾಗದ ಹಾಗೆ ನೋಡಿಕೊಂಡರು. ಯಾರೂ ಪಾರ್ವತಿಯ ಸುದ್ದಿ ಎತ್ತಲಿಲ್ಲ. ಬೇರೆಯವರು ಬೇರೆ ಪುಸ್ತಕ ಹೇಳಿದರು, ನಾನು ಕೇಳಿದೆ. ಒಬ್ಬಾಕೆ ಕೊಲೆಗಾರ ಯಾರು ಅಂತ ಮೊದಲೇ ಬಾಯಿ ಬಿಟ್ಟುಬಿಟ್ಟಳು. ಬೈಯಲು ದನಿ ಇಲ್ಲದೆ ಸೂಜಿಯಿಂದ ನನ್ನದೇ ಬೆರಳು ಚುಚ್ಚಿಕೊಂಡೆ.

ದನಿ ಒಂದೇ ಸಲ ಬರಲಿಲ್ಲ. ಒಂದು ಬೆಳಿಗ್ಗೆ "ಒಳಗೆ" ಅನ್ನುವುದರಲ್ಲಿ ಏನೋ ಗರಗರ ಎಂದಿತು. ಚೈತ್ರಾ ಅಡುಗೆ ಮನೆಯಿಂದ ಓಡಿ ಬಂದಳು. ಆಮೇಲಾಮೇಲೆ ಮನೆಯಲ್ಲಿ ಸಣ್ಣ ಮಾತು, ಅದೂ ಒಡೆದ ಮಡಕೆ ಬಡಿದ ಹಾಗೆ. ಹಾಲಿನವನು ಫೋನಿನಲ್ಲಿ ನನ್ನನ್ನು "ಯಜಮಾನ್ರೇ" ಅಂದ. ಅದಾದ ಮೇಲೆ ಹೊರಗಿನವರ ಮುಂದೆ ಬಾಯಿ ಬಿಡಲು ನಾಚಿಕೆಯಾಯಿತು. ಗುರುವಾರ ಬಂದರೆ ನಾನೇ ಮೊದಲು ಕೂತು ಬ್ಲೌಸ್ ಹಿಡಿದುಕೊಳ್ಳುತ್ತಿದ್ದೆ. ಈ ಗಂಟಲಿನಲ್ಲಿ ಕಥೆ ಕೇಳಿದರೆ ಅವರಿಗೆ ನನ್ನ ಮೇಲೆ ಅಯ್ಯೋ ಅನ್ನಿಸುತ್ತದೆ, ಅಯ್ಯೋ ಅನ್ನುತ್ತಾ ಕೇಳುವ ಕಥೆ ನನಗೆ ಬೇಡ. ದನಿ ಬಂದ ಮೇಲೂ ನಾನು ಹೆದರಿ ಅದನ್ನು ಬಚ್ಚಿಟ್ಟುಕೊಂಡಿದ್ದೆ.

ಎಷ್ಟು ದಿನ ಹಾಗೆ ನಡೆಯುತ್ತಿತ್ತೋ. ಬಾಯಿ ತಡೆಯದೆ ಚೈತ್ರಾ ಸುವರ್ಣಕ್ಕನಿಗೆ ಹೇಳಿಬಿಟ್ಟಿದ್ದಳು.

ಮುಂದಿನ ಗುರುವಾರ ನಾನು ಎಲ್ಲರಿಗೂ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅಂಗಡಿಯಲ್ಲಿದ್ದ ಕೆಲಸವೆಲ್ಲ ಹಂಚಿಹೋಗಿತ್ತು. ನಾನು ಅರ್ಧ ಹುಕ್ಸ್ ಹಾಕಿಟ್ಟಿದ್ದ ಬ್ಲೌಸ್ ನಾಗವೇಣಿಯ ಕೈಯಲ್ಲಿ. ಫಾಲ್ ಹಚ್ಚಬೇಕಾದ ಸೀರೆ ಸುವರ್ಣಕ್ಕನ ಮಡಿಲಲ್ಲಿ. ಸೂಜಿಡಬ್ಬಿಯೂ ಅವರ ತೊಡೆಯ ಕೆಳಗೆ. ಚಾಪೆಯ ಮೇಲೆ ಒಂದೇ ಜಾಗ ಖಾಲಿ. ಕೂತೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಎಲ್ಲರೂ ಭಾರೀ ಮುತುವರ್ಜಿಯಿಂದ ಹೊಲಿಯುತ್ತಿದ್ದರು.

"ಆಯ್ತಾ?" ಅಂದರು ಸುವರ್ಣಕ್ಕ, ಸೂಜಿಗೆ ದಾರ ಪೋಣಿಸುತ್ತಾ. "ಆಕಿ ಬೀಗ ಹಾಕಿ ಹಳಿ ಪಕ್ಕ ನಿಂತಿದ್ಲು. ಕಾಲು ನೋಯ್ತಿರಬೇಕು ಪಾಪ."

ಕನ್ನಡಿಯ ಮುಂದೆ ಹೇಳುವ ಮಾತನ್ನು ಒಳಗೇ ಒಮ್ಮೆ ಹೇಳಿಕೊಂಡೆ. ಆಮೇಲೆ ಬಾಯಿ ಬಿಟ್ಟೆ.

ಮೊದಲ ಮಾತು ಗೊಗ್ಗರವಾಗಿ ಬಂತು. ಎರಡನೆಯದು ನಡುವೆ ಕಡಿದುಹೋಯಿತು. ನಿಂತೆ, ನೀರು ಕುಡಿದೆ. ಯಾರೂ "ಸಾಕು ಬಿಡು" ಅನ್ನಲಿಲ್ಲ. ರೈಲು ಬಂತು ಅಂದೆ. ಆ ದಿನ ಡ್ರೈವರ್ ಅವಳಿಗಾಗಿ ನಿಲ್ಲಿಸಿದ ಅಂದೆ. ಪಾರ್ವತಿ ಹತ್ತಿದಳು, ಕಿಟಕಿಯ ಪಕ್ಕ ಕೂತಳು, ತನ್ನ ಮನೆ ಹಿಂದೆ ಹೋಗುವುದನ್ನು ನೋಡಿದಳು. ನಾಗವೇಣಿಯ ಸೂಜಿ ನಿಂತಿತು. ಆಮೇಲೆ ಇನ್ನೊಬ್ಬಳದು. ನನ್ನ ಗಂಟಲು ಗರಗರ ಎನ್ನುತ್ತಿರುವುದು ನನಗೇ ಮರೆತುಹೋಯಿತು. ಮುಂದಿನ ಸ್ಟೇಷನ್ ಬಂತು. ಪಾರ್ವತಿ ಇಳಿದಳು. ಪ್ಲಾಟ್‌ಫಾರಂ ಮೇಲೆ ಒಂದು ಚಹಾ ಕುಡಿದಳು. ಸೆರಗಿನಿಂದ ಬೀಗದ ಕೈ ಬಿಚ್ಚಿ ಮುಷ್ಟಿಯಲ್ಲಿ ಹಿಡಿದು, ಹಳಿಯ ಪಕ್ಕದಲ್ಲೇ ನಡೆಯುತ್ತಾ ಮನೆಗೆ ವಾಪಸ್ ಹೋದಳು. ಮುಗಿಯಿತು.

ಸುವರ್ಣಕ್ಕ ಸೀರೆಯ ಅಂಚು ನೋಡುತ್ತಿದ್ದರು. ಈಗ ಅಯ್ಯೋ ಅನ್ನುತ್ತಾರೆ ಎಂದು ನಾನು ಕಾದೆ.

"ಅಷ್ಟೇನಾ?" ಅಂದಳು ನಾಗವೇಣಿ.

"ಹೂಂ. ಅಷ್ಟೇ."

"ಥೂ ನಿಮ್ಮ! ಮುಂದಿನ ಸ್ಟೇಷನ್‌ನಾಗೆ ಇಳ್ಯೋಳ ಸಲುವಾಗಿ ಇಷ್ಟು ತಿಂಗಳು ಕಾದ್ವಾ ನಾವು? ಬೊಂಬಾಯಿಗೆ ಹೋಗ್ತಾಳೆ ಅಂತ ನಾನು! ಇದೂ ಒಂದು ಕಥೀನಾ?"

"ಏಯ್, ನಿಂಗೇನ್ ಗೊತ್ತಾಗ್ತೈತೆ!" ಅಂದೆ ನಾನು. "ಜೀವಮಾನ ಪೂರ್ತಿ ಬ್ಯಾರೆಯೋರಿಗೆ ದಾರಿ ಬಿಟ್ಟೋಳು ಆಕಿ. ಒಂದು ಸಲ ಆಕಿಗೋಸ್ಕರ ರೈಲು ನಿಂತಿತಲ್ಲ, ಸಾಲ್ದಾ? ಮನಿ ಆಕೀದು, ಬೀಗ ಆಕೀದು, ಯಾಕೆ ಬೊಂಬಾಯಿಗೆ ಹೋಗ್ಬೇಕು?"

"ಹೋಗ್ಬೇಕಿತ್ತು!"

"ಹೋಗಬಾರ್ದಿತ್ತು!"

ಕೂಗುತ್ತಿದ್ದದ್ದು ನಾನು. ಒಡೆದ ಗಂಟಲು, ಆದರೆ ಓಣಿಯ ಆಚೆ ಮನೆಯವರು ಬಾಗಿಲಿಗೆ ಬಂದು ನೋಡುವಷ್ಟು ಗಟ್ಟಿ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಇಬ್ಬರು ನನ್ನ ಕಡೆ, ಇಬ್ಬರು ನಾಗವೇಣಿಯ ಕಡೆ. ಚಹಾ ಆರಿಹೋಯಿತು. ಸುವರ್ಣಕ್ಕ ಮಾತ್ರ ಯಾರ ಕಡೆಯೂ ಸೇರದೆ ಕಣ್ಣು ಒರೆಸಿಕೊಂಡು ದಾರ ಹುಡುಕುತ್ತಿದ್ದರು.

ಕತ್ತಲಾಗುವವರೆಗೂ ಜಗಳ ನಡೆಯಿತು. ನಮ್ಮವರು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ ನಿಂತು ಕೇಳಿದರು. ಆ ದಿನ ಕೊನೆಯವರೆಗೂ ಯಾರೂ ನನ್ನ ಕೈಗೆ ಒಂದು ಬ್ಲೌಸ್ ಕೊಡಲಿಲ್ಲ.